ಹನ್ನೆರಡೋ, ಎರಡೋ

ಆ ಭಾನುವಾರ ಮಗಳು ನನ್ನ ಮುಂದೆ ಒಂದು ಬಿಳಿ ಹಾಳೆ ಇಟ್ಟಳು. ಪೆನ್ನಿನ ಮುಚ್ಚಳವನ್ನೂ ತಾನೇ ತೆಗೆದು ಕೈಗೆ ಕೊಟ್ಟಳು.

"ಅವ್ವಾ, ಇದರಾಗ ಒಂದ ಗಡಿಯಾರ ತಗಿ. ಹನ್ನೊಂದು ಗಂಟಿ ಹತ್ತು ನಿಮಿಷ ಆಗಿರಬೇಕು."

ನಾನು ಎಣಗಾಯಿಗೆ ಬದನೆಕಾಯಿ ಸೀಳುತ್ತಾ ಕೂತಿದ್ದೆ. ಅಳಿಯ ಸೋಫಾದ ಮೇಲೆ ಮೊಬೈಲು ನೋಡುವವನಂತೆ ನಟಿಸುತ್ತಿದ್ದ. ನನ್ನ ಗಂಡ ಪೇಪರು ಹಿಡಿದಿದ್ದರೂ ಪುಟ ತಿರುಗಿಸಿ ಬಹಳ ಹೊತ್ತಾಗಿತ್ತು. ಮೂವರೂ ಮೊದಲೇ ಮಾತಾಡಿಕೊಂಡಿದ್ದರೆಂಬುದು ನನಗೆ ಆಗಲೇ ಗೊತ್ತಾಯಿತು.

"ಯಾಕ?" ಎಂದೆ.

"ಸುಮ್ಮನ. ಆಟ."

ಅದು ಎಂಥ ಆಟವೆಂದು ನನಗೆ ಗೊತ್ತಿತ್ತು. ಹದಿನಾಲ್ಕು ವರ್ಷದ ಹಿಂದೆ ಧಾರವಾಡದಲ್ಲಿ ಮರೆವಿನ ರೋಗ ನೋಡುವ ಒಬ್ಬ ಡಾಕ್ಟರು ನನ್ನ ಅವ್ವನ ಕೈಗೂ ಇಂಥದೇ ಹಾಳೆ ಕೊಟ್ಟಿದ್ದರು. ಅವ್ವ ಒಂದು ವಕ್ರವಾದ ಗುಂಡು ಬರೆದು, ಹನ್ನೆರಡೂ ಅಂಕಿಗಳನ್ನು ಒಂದೇ ಮೂಲೆಗೆ ಒತ್ತಿ ತುಂಬಿಸಿ, "ಸಾಕಾ?" ಎಂದು ಕೇಳಿದ್ದಳು. ಅವಳ ಪಕ್ಕದಲ್ಲಿ ಕೂತು ಆ ಹಾಳೆ ನೋಡಿದವಳು ನಾನೇ. ಈಗ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನನಗೆ ಅದನ್ನೇ ಕೊಟ್ಟು, ಆಟ ಎನ್ನುತ್ತಿದ್ದಳು.

ಗಡಿಯಾರ ಬರೆದೆ. ಸೆಕೆಂಡಿನ ಮುಳ್ಳನ್ನೂ ಸೇರಿಸಿದೆ. ಸಿಟ್ಟಿಗೆ ಪೆನ್ನು ಒತ್ತಿ ನಡುವೆ ಹಾಳೆ ತೂತಾಯಿತು. ಮಗಳು ಅದನ್ನು ಎತ್ತಿಕೊಂಡು, ನಾನು ನೋಡುತ್ತಿಲ್ಲವೆಂದುಕೊಂಡು ಫೋಟೋ ತೆಗೆದಳು. ನಾನು ಮತ್ತೆ ಬದನೆಕಾಯಿ ಹಿಡಿದೆ. ನಾಲ್ಕು ಸೀಳು ಹಾಕಬೇಕಾದ ಕಾಯಿಯನ್ನು ಎರಡು ಹೋಳು ಮಾಡಿದೆ. ಅದು ಸಿಟ್ಟಿಗೋ ಹೆದರಿಕೆಗೋ ನನಗೇ ತಿಳಿಯಲಿಲ್ಲ. ಅವರಿಗಂತೂ ಎರಡೂ ಒಂದೇ ಥರ ಕಂಡಿರಬೇಕು.

ಇಷ್ಟಕ್ಕೆಲ್ಲ ಕಾರಣ ಹಿಂದಿನ ಬುಧವಾರ ನಡೆದದ್ದು.

ನಾವು ವಾಸ್ಕೋದಲ್ಲಿದ್ದೇವೆ. ಗಂಡ ಮುರ್ಮುಗಾಂವ್ ಬಂದರಿನ ಆಫೀಸಿನಲ್ಲಿದ್ದರು, ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದೆ. ಇಬ್ಬರೂ ಧಾರವಾಡದ ಕಡೆಯವರು, ನಿವೃತ್ತರಾದ ಮೇಲೂ ಇಲ್ಲೇ ಉಳಿದೆವು. ಮಗಳ ಮನೆ ನಮ್ಮಿಂದ ಹತ್ತು ನಿಮಿಷದ ದಾರಿ. ಅವಳು ವೆರ್ಣಾದ ಔಷಧಿ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಮೊಮ್ಮಗಳು ಎರಡನೆಯ ತರಗತಿ. ಅವಳನ್ನು ಶಾಲೆಯಿಂದ ಕರೆತರುವುದು ಒಂದನೆಯ ತರಗತಿಯಿಂದಲೂ ನನ್ನ ಕೆಲಸ.

ಮಂಗಳವಾರ ಸಂಜೆ ಮಗಳು ಕಾರ್ಖಾನೆಯ ಬಸ್ಸಿನಿಂದ ಫೋನು ಮಾಡಿದಳು. ನಾಳೆ ಪರೀಕ್ಷೆ ಇರುವುದರಿಂದ ಶಾಲೆ ಬಿಡುವ ಹೊತ್ತು ಬೇರೆ ಎಂದಳು. ನಾನು ಎರಡಕ್ಕೆ ಎಂದು ಕ್ಯಾಲೆಂಡರಿನ ಮೇಲೆ ಬರೆದುಕೊಂಡೆ. ಬುಧವಾರ ಎರಡಕ್ಕೆ ಐದು ನಿಮಿಷ ಇರುವಾಗಲೇ ಗೇಟಿನ ಮುಂದೆ ನಿಂತೆ. ಅಲ್ಲಿ ಬೇರೆ ಯಾವ ತಾಯಂದಿರೂ ಇರಲಿಲ್ಲ. ಒಳಗೆ ಹೋದರೆ ಆಫೀಸಿನ ಬೆಂಚಿನ ಮೇಲೆ ಮೊಮ್ಮಗಳು ಒಬ್ಬಳೇ ಕೂತಿದ್ದಳು. ಮಡಿಲಲ್ಲಿ ಚೀಲ, ಅಳುವಿನಿಂದ ಊದಿದ ಮುಖ. ಶಾಲೆ ಬಿಟ್ಟದ್ದು ಹನ್ನೆರಡಕ್ಕೆ. ಪ್ರಯೋಗಾಲಯದೊಳಗೆ ಮೊಬೈಲು ಒಯ್ಯುವಂತಿಲ್ಲವಾದ್ದರಿಂದ ಮಗಳು ಸಿಗದೆ, ಶಾಲೆಯವರು ನನ್ನ ಮೊಬೈಲಿಗೆ ಮೂರು ಸಲ ಫೋನು ಮಾಡಿದ್ದರಂತೆ. ಮೊಬೈಲು ಪರ್ಸಿನಲ್ಲೇ ಇತ್ತು, ಆದರೆ ಅದು ರಿಂಗಾದದ್ದು ನನಗೆ ಗೊತ್ತಾಗಿರಲಿಲ್ಲ.

ಸಂಜೆ ಮಗಳು ಬಂದವಳೇ ಕೇಳಿದಳು. "ಅವ್ವಾ, ಹನ್ನೆರಡಕ್ಕ ಅಂತ ಹೇಳಿದ್ನೆಲ್ಲ?"

"ಎರಡಕ್ಕ ಅಂದಿದ್ದಿ."

"ಹನ್ನೆರಡಕ್ಕ ಅಂದೇನಿ. ಎರಡ ಸಲ ಹೇಳೇನಿ."

"ನೋಡು, ಈಗೂ ಎರಡ ಅಂದಿ," ಎಂದೆ. ನಗಿಸೋಣವೆಂದು ಹೇಳಿದ್ದು. ಯಾರೂ ನಗಲಿಲ್ಲ. ಗಂಡ ನನ್ನ ಮುಖ ನೋಡಿದರು. ಅವ್ವ ಮೊದಲ ಸಲ ಚಹಾಕ್ಕೆ ಉಪ್ಪು ಹಾಕಿದ ದಿನ ನಾನು ಅವಳ ಮುಖವನ್ನು ಹಾಗೇ ನೋಡಿದ್ದೆ.

ಆ ಮೇಲೆ ನನ್ನ ಹಳೆಯ ತಪ್ಪುಗಳು ಒಂದೊಂದಾಗಿ ಹೊರಬಿದ್ದವು. ಹಾಲಿನವನು ನಾಳೆ ಬರುವುದಿಲ್ಲ ಎಂದು ಹೇಳಿದ್ದನ್ನು ನಾನು ಮರೆತದ್ದು. ಮಾರ್ಕೆಟ್ಟಿನಲ್ಲಿ ಭೇಂಡಿಯ ದರವನ್ನು ಒಬ್ಬಳ ಹತ್ತಿರವೇ ಮೂರು ಸಲ ಕೇಳಿದ್ದು. ಟೀವಿ ನೋಡುತ್ತಾ "ಏನಂದ?" ಎಂದು ಮತ್ತೆ ಮತ್ತೆ ಕೇಳುವುದು. ಕನ್ನಡ ಸಂಘದ ಭಜನೆಗೆ ಹೋಗುವುದನ್ನು ಬಿಟ್ಟದ್ದು. ಭಜನೆ ಬಿಟ್ಟ ಕಾರಣ ನನಗೊಬ್ಬಳಿಗೇ ಗೊತ್ತಿತ್ತು. ಭಜನೆ ಮುಗಿದ ಮೇಲೆ ಹೆಂಗಸರು ವೃತ್ತವಾಗಿ ಕೂತು ಮಾತಾಡುವಾಗ ಯಾರಾದರೂ ತಮಾಷೆ ಮಾಡಿದರೆ, ಎಲ್ಲರೂ ನಕ್ಕು ಮುಗಿಸಿದ ಮೇಲೆ ನಾನು ನಗುತ್ತಿದ್ದೆ. ಅವರ ಮುಖ ನೋಡಿಕೊಂಡು ನಗುವುದು ಸಾಕಾಗಿ ಹೋಗಿತ್ತು. ಮೆದುಳು ನಿಧಾನವಾಗುತ್ತಿದೆ ಎಂದು ನಾನೂ ನನ್ನೊಳಗೇ ಒಪ್ಪಿಕೊಂಡು ಬಿಟ್ಟಿದ್ದೆ. ಹಾಗಾಗಿ ವಾದ ಮಾಡುವ ಬಲ ನನಗಿರಲಿಲ್ಲ.

ಅವ್ವ ಕೊನೆಯ ನಾಲ್ಕು ವರ್ಷ ನಮ್ಮ ಜೊತೆ ಇದೇ ಫ್ಲ್ಯಾಟಿನಲ್ಲಿದ್ದಳು. ಮೊದಲು ಹೆಸರುಗಳು ಹೋದವು, ಆಮೇಲೆ ಹೊತ್ತು, ಆಮೇಲೆ ನಾನು. ನನ್ನನ್ನು ಮನೆಯೊಡತಿಯೆಂದು ತಿಳಿದು "ಬಾಯಾರ" ಎಂದು ಕರೆಯುತ್ತಿದ್ದಳು. ಒಂದು ದಿನ ಅವಳಿಗೆ ತಲೆ ಬಾಚಿ ಹೆರಳು ಹಾಕಿದ ಮೇಲೆ ನನ್ನ ಕೈ ಹಿಡಿದು ಹೇಳಿದಳು. "ನೀವು ನನ್ನ ಭಾಳ ಚಲೋ ನೋಡಿಕೊಂಡ್ರಿ, ಬಾಯಾರ. ನನ್ನ ಮಗಳು ಬಂದ ಮ್ಯಾಲ ಆಕಿಗೆ ಹೇಳತೇನಿ." ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಿದ್ದೆ. ಇನ್ನೊಂದು ದಿನ ಅವಳು ಅದೇ ಪ್ರಶ್ನೆಯನ್ನು ಎಷ್ಟನೆಯ ಸಲವೋ ಕೇಳಿದಾಗ, "ಬಾಯಿ ಮುಚ್ಚಿಕೊಂಡು ಕೂಡ್ತೀಯೋ ಇಲ್ಲೋ!" ಎಂದು ಕಿರುಚಿದ್ದೂ ನಾನೇ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಸಂಜೆಯವರೆಗೆ ಕೂತಿದ್ದಳು. ನನಗೆ ಆ ರೋಗದ ಹೆದರಿಕೆಗಿಂತ, ಅಂಥ ಒಂದು ಕಿರುಚು ನನಗಾಗಿ ಎಲ್ಲೋ ಕಾದಿದೆ ಎಂಬ ಹೆದರಿಕೆ ಹೆಚ್ಚು.

ಗಡಿಯಾರದ ಭಾನುವಾರದ ನಂತರ ಮಡಗಾಂವಿನ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಚಿಕ್ಕ ವಯಸ್ಸಿನವರು, ಮರ್ಯಾದಸ್ತರು. ಮುಖಕ್ಕೆ ಮಾಸ್ಕು ಹಾಕಿಕೊಂಡಿದ್ದರು. ತಲೆಯ ಮೇಲೆ ಏಸಿ ಗೊರಗೊರ ಎನ್ನುತ್ತಿತ್ತು, ಬಾಗಿಲಾಚೆ ನರ್ಸು ಒಬ್ಬೊಬ್ಬರ ಹೆಸರು ಕೂಗುತ್ತಿದ್ದಳು. ಡಾಕ್ಟರು ಕಾಗದ ನೋಡುತ್ತಲೇ ಹಿಂದಿಯಲ್ಲಿ ಐದು ಶಬ್ದ ಹೇಳಿ, ಅವನ್ನು ತಿರುಗಿ ಹೇಳಿ ಎಂದರು.

ನಾನು ಹೇಳಿದೆ. "ಕುರ್ಸಿ, ನಾರಿಯಲ್, ಚಾಯ್, ಹಾಲ್, ಫೂಲ್."

ಅವರು ಏನೋ ಗುರುತು ಹಾಕಿಕೊಂಡರು. ಪಕ್ಕದಲ್ಲಿದ್ದ ಮಗಳು ತುಟಿ ಕಚ್ಚಿದಳು. ಹೊರಗೆ ಬಂದ ಮೇಲೆ ಮಗಳಿಂದ ಗೊತ್ತಾಯಿತು, ಅವರು ಹೇಳಿದ್ದು ಕುರ್ಸಿ, ನಾರಿಯಲ್, ಚಾವಿ, ಶಾಲ್, ಪುಲ್ ಎಂದು. ಐದರಲ್ಲಿ ಮೂರು ತಪ್ಪು. ಒಂದೇ ನಿಮಿಷದಲ್ಲಿ.

ಸ್ಕ್ಯಾನಿನಲ್ಲಿ ವಯಸ್ಸಿಗೆ ತಕ್ಕಷ್ಟು ಸವೆತ ಬಿಟ್ಟರೆ ಬೇರೇನೂ ಕಾಣಲಿಲ್ಲ. "ರೋಗದ ಆರಂಭ ಇರಬಹುದು, ಇಲ್ಲದೆಯೂ ಇರಬಹುದು. ಆರು ತಿಂಗಳು ನೋಡೋಣ. ಮೆದುಳಿಗೆ ಕೆಲಸ ಕೊಡಿ," ಎಂದರು ಡಾಕ್ಟರು. ಅವರು ಹೇಳಿದ್ದರಲ್ಲಿ ನಮ್ಮ ಮನೆಯವರು ಹಿಡಿದುಕೊಂಡದ್ದು ಕೊನೆಯ ಮಾತನ್ನು.

ಮರುದಿನದಿಂದ ನನ್ನ ಮೆದುಳಿಗೆ ಕೆಲಸ ಕೊಡುವ ಕೆಲಸ ಎಲ್ಲರಿಗೂ ಸಿಕ್ಕಿತು. ಗಂಡ ಸುಡೊಕು ಪುಸ್ತಕಗಳನ್ನು ತಂದರು. ನೆನೆಸಿಟ್ಟ ಏಳು ಬಾದಾಮಿ, ಒಂದೆಲಗದ ಚಟ್ನಿ. ಮಗಳು ನನ್ನ ಮೊಬೈಲಿಗೆ ಒಂದು ಆಟ ಹಾಕಿಕೊಟ್ಟಳು. ಅದರಲ್ಲಿ ಹಕ್ಕಿಗಳು ಹಾರಿ ಬರುತ್ತವೆ, ಯಾವ ಹಕ್ಕಿ ಎತ್ತ ಮುಖ ಮಾಡಿದೆ ಎಂದು ಒತ್ತಬೇಕು. ಸರಿ ಒತ್ತಿದರೆ ಮೊಬೈಲು ನನ್ನನ್ನು ಇಂಗ್ಲಿಷಿನಲ್ಲಿ ಹೊಗಳುತ್ತದೆ. ಅರವತ್ತಾರು ವರ್ಷದವಳು ಹಕ್ಕಿಯ ಮುಖ ಗುರುತಿಸಿ ಶಾಭಾಷ್ ಅನ್ನಿಸಿಕೊಳ್ಳಬೇಕು! ಎಡಗೈಯಿಂದ ಹಲ್ಲು ತಿಕ್ಕಿದರೆ ಒಳ್ಳೆಯದು ಎಂದು ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದರು. ತಿಕ್ಕಿದೆ. ಒಸಡಿನಿಂದ ರಕ್ತ ಬಂತು.

ದಿನಾ ಬೆಳಿಗ್ಗೆ ಚಹಾ ಕುಡಿಯುವಾಗ ಗಂಡನ ಪ್ರಶ್ನೆ. "ಇವತ್ತ ಯಾವ ವಾರ?"

"ನೀವು ಹೇಳ್ರಿ."

"ನಾ ಕೇಳಾಕತ್ತೇನಿ. ನೀ ಹೇಳಬೇಕು."

"ನಿಮ್ಮ ಕೈಯಾಗ ಪೇಪರ್ ಐತಿ, ನೋಡಿಕೊಳ್ರಿ."

"ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು. ಸಿಟ್ಟ್ಯಾಕ?"

ಸಿಟ್ಟು ಬರುವುದೂ ಆ ರೋಗದ ಲಕ್ಷಣವಂತೆ. ಹಾಗಾಗಿ ಸಿಟ್ಟು ಮಾಡಿಕೊಳ್ಳುವ ಹಕ್ಕೂ ನನಗೆ ಉಳಿಯಲಿಲ್ಲ.

ನನ್ನ ಮೆದುಳಿಗೆ ನಾನೇ ಒಂದು ಕೆಲಸ ಕೊಟ್ಟುಕೊಂಡಿದ್ದೆ, ಯಾರಿಗೂ ಹೇಳಿರಲಿಲ್ಲ. ನಾನು ಸೇರಿದಾಗ ನಮ್ಮದು ಕೈಯಿಂದ ಜೋಡಿಸುವ ಎಕ್ಸ್‌ಚೇಂಜು. ತಲೆಗೆ ಹೆಡ್‌ಸೆಟ್ಟು ಸಿಕ್ಕಿಸಿ, ಎದುರಿನ ಹಲಗೆಯ ತೂತುಗಳಿಗೆ ವಯರು ಚುಚ್ಚಿ ಪರಊರಿನ ಟ್ರಂಕ್ ಕಾಲ್ ಜೋಡಿಸುತ್ತಿದ್ದೆವು. ಹಡಗಿನ ಏಜೆಂಟರು, ಅದಿರಿನ ಕಂಪನಿಗಳು, ಹೋಟೆಲುಗಳು, ಆಸ್ಪತ್ರೆಗಳು, ಎಲ್ಲರ ನಂಬರೂ ಬಾಯಿಪಾಠ. ಮಳೆಗಾಲದಲ್ಲಿ ತಂತಿಯಲ್ಲಿ ಅಕ್ಕಿ ಹುರಿದಂಥ ಸದ್ದು ಬರುತ್ತಿದ್ದರೂ ಅದರೊಳಗಿಂದ ಮನುಷ್ಯನ ದನಿ ಹೆಕ್ಕಿ ತೆಗೆಯುತ್ತಿದ್ದೆ. "ಈಕಿ ಕಿವಿಗೆ ಹಾಕಿದ್ದು ಸುಳ್ಳಾಗೂದಿಲ್ಲ," ಎಂದು ನಮ್ಮ ಸೂಪರ್‌ವೈಸರ್ ಬಾಯಾರು ಹೇಳುತ್ತಿದ್ದರು. ಈಗ ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಾ ಆ ಹಳೆಯ ನಂಬರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದೆ. ಒಂದೂ ತಪ್ಪುತ್ತಿರಲಿಲ್ಲ. ಆ ಫೋನುಗಳಲ್ಲಿ ಮುಕ್ಕಾಲು ಪಾಲು ಇಂದು ಇಲ್ಲ, ಕೆಲವು ಕಂಪನಿಗಳೂ ಇಲ್ಲ. ಯಾರಿಗೂ ಬೇಡದ್ದು ತಲೆಯಲ್ಲಿ ಗಟ್ಟಿಯಾಗಿ ಕೂತಿದೆ, ನಿನ್ನೆ ಹಾಲಿನವನು ಹೇಳಿದ್ದು ಮಾತ್ರ ಇಲ್ಲ. ಅವ್ವನಿಗೂ ಬಾಲ್ಯದ ಹಾಡುಗಳು ಕೊನೆಯವರೆಗೂ ನೆನಪಿದ್ದವು. ಹಾಗೆ ಯೋಚಿಸಿದಾಗ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಲ್ಲುತ್ತಿತ್ತು.

ಒಂದು ದಿನ ಮಗಳು ಬಂದಾಗ ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು. "ಮುಂಜಾನಿ ಒಬ್ಬಾಕೀನ ನಿಂತು ಏನೇನೋ ಗುನುಗುನು ಅಂತಾಳ. ಬರೇ ಅಂಕಿ." ಮಗಳ ಕಣ್ಣು ತುಂಬಿತು. ನಾನು ವಿವರಿಸಿದೆ. ವಿವರಿಸಿದಷ್ಟೂ ಇನ್ನೂ ಹುಚ್ಚಿಯಂತೆ ಕಂಡಿರಬೇಕು.

ಅದಾದ ವಾರ ಹೊಸ ನಿಯಮಗಳು ಬಂದವು. ಮೊಮ್ಮಗಳನ್ನು ಶಾಲೆಯಿಂದ ಕರೆತರಲು ಒಬ್ಬ ರಿಕ್ಷಾದವನನ್ನು ಗೊತ್ತುಮಾಡಿದರು. ನಾನು ಒಬ್ಬಳೇ ಬಸ್ಸು ಹತ್ತುವಂತಿಲ್ಲ. ಗಂಡ ಮನೆಯಲ್ಲಿ ಇಲ್ಲದಾಗ ಗ್ಯಾಸು ಹಚ್ಚುವಂತಿಲ್ಲ. ಕುಕ್ಕರು ಎಷ್ಟು ಸೀಟಿ ಹೊಡೆಯಿತೆಂದು ಎರಡು ಸಲ ತಪ್ಪಿದ್ದೇನಂತೆ. ನಲವತ್ತು ವರ್ಷ ಇಬ್ಬರಿಗೂ ರೊಟ್ಟಿ ಬಡಿದ ಕೈ ನನ್ನದು. ಗಂಡ ಮಾರ್ಕೆಟ್ಟಿಗೆ ಹೋಗುವಾಗ ಸಿಲಿಂಡರಿನ ರೆಗ್ಯುಲೇಟರು ಬಂದ್ ಮಾಡಿ ಹೋಗತೊಡಗಿದರು. ಅದನ್ನು ತಿರುಗಿಸಲು ನನಗೆ ಬರುತ್ತದೆ. ಆದರೂ ತಿರುಗಿಸದೆ, ಆರಿದ ಚಹಾವನ್ನೇ ಕುಡಿದು ಕೂತಿರುತ್ತಿದ್ದೆ. ಹಟವೇ ಇರಬೇಕು.

ಒಬ್ಬಳೇ ಹೋಗಬಹುದಾದ ಜಾಗವೆಂದರೆ ಕೆಳಗಿನ ಮನೆ ಒಂದೇ ಉಳಿಯಿತು. ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಎಂಬತ್ತರ ಸಮೀಪದ ಒಬ್ಬ ಕ್ರಿಶ್ಚಿಯನ್ ವಿಧವೆ ಇದ್ದಾರೆ. ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದವರು, ಈಗಲೂ ಎಲ್ಲರೂ ಟೀಚರ್ ಎಂದೇ ಕರೆಯುತ್ತಾರೆ. ಅವರ ಗಂಡ ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದರು, ತೀರಿಕೊಂಡು ಬಹಳ ವರ್ಷವಾಯಿತು. ಕೊಂಕಣಿ ನನಗೆ ಮಾತಾಡಲು ಬರುತ್ತದೆ. ಆದರೆ ಅವರು ಓದುವ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕೊಂಕಣಿ ಓದಲು ಬರುತ್ತಿರಲಿಲ್ಲ. ಹಕ್ಕಿ ಒತ್ತುವುದಕ್ಕಿಂತ ಇದನ್ನಾದರೂ ಕಲಿಯೋಣವೆಂದು ಹೋಗಿ ಕೇಳಿದೆ. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನನ್ನು ಒಂದು ಸಲ ನೋಡಿ, "ನಾಳೆ ನಾಲ್ಕಕ್ಕೆ ಬಾ. ನೋಟ್‌ಬುಕ್ ತಾ," ಎಂದರು ಕೊಂಕಣಿಯಲ್ಲಿ.

ಆ ತರಗತಿಯೇ ನನ್ನನ್ನು ಉಳಿಸಿತು ಎಂದು ಬರೆಯಲು ಆಸೆಯಾಗುತ್ತದೆ. ಆದರೆ ಮೊದಲ ತಿಂಗಳು ಅಲ್ಲೂ ನರಳಿದೆ. ಎಕ್ಸ್ ಅಕ್ಷರ ಕಂಡರೆ ಶ ಎಂದು ಓದಬೇಕು. ನನ್ನ ಬಾಯಿಗೆ ಎಕ್ಸೇ ಬರುತ್ತಿತ್ತು. ಟೀಚರ್ ಬಿಡುವವರಲ್ಲ, ಹತ್ತು ಸಲ ಬರೆಸುತ್ತಿದ್ದರು. ಓದಿನಲ್ಲಿ ಹೇಗೋ ಮುಂದೆ ಹೋದೆ. ಉಕ್ತಲೇಖನ ಬಂದಾಗ ಮಾತ್ರ ಪುಟದ ತುಂಬ ಕೆಂಪು ಗೀಟು. ಅವರು ಸಾತ್ ಎಂದರೆ ನಾನು ಹಾತ್ ಎಂದು ಬರೆಯುತ್ತಿದ್ದೆ. ಏಳನ್ನು ಬರೆ ಎಂದರೆ ಕೈ ಬರೆದಂತೆ. ಶೀತ್ ಎಂದರೆ ಗೀತ್. ಅನ್ನ ಹೋಗಿ ಹಾಡಾಯಿತು. ಒಂದು ಮಧ್ಯಾಹ್ನ ಒಂಬತ್ತು ತಪ್ಪು ನೋಡಿ ನನಗೆ ತಡೆಯಲಾಗಲಿಲ್ಲ. ನೋಟ್‌ಬುಕ್ ಮುಚ್ಚಿ, ನನ್ನ ಅವ್ವನ ಕತೆ, ಡಾಕ್ಟರ ಕತೆ, ಮನೆಯ ಗ್ಯಾಸಿನ ಕತೆ ಎಲ್ಲ ಹೇಳಿಬಿಟ್ಟೆ. "ನನ್ನ ತಲೆ ಹೋಗುತ್ತಿದೆ, ಟೀಚರ್. ನಿಮ್ಮ ಸಮಯ ಹಾಳು," ಎಂದೆ.

ಅವರು ಕೆಂಪು ಪೆನ್ನು ಕೆಳಗಿಟ್ಟು ಎದ್ದರು. ಅಡುಗೆಮನೆಗೆ ಹೋದರೆಂದುಕೊಂಡೆ. ನಾನು ಮೇಜಿನ ಮೇಲಿನ ಹೂಜಿ ನೋಡುತ್ತಾ ಕೂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಹಿಂದಿನಿಂದ ಬಂದು ಎದುರು ಕೂತರು.

"ನಾನು ನಿನ್ನ ಹಿಂದೆ ನಿಂತು ಏನು ಹೇಳಿದೆ?"

"ಯಾವಾಗ?"

"ಈಗ. ನಾಲ್ಕು ಸಲ ಹೇಳಿದೆ. ನಿನ್ನ ಕುರ್ಚಿಯ ಹಿಂದೆಯೇ ನಿಂತಿದ್ದೆ."

ನಾನು ತಿರುಗಿ ನೋಡಿದೆ. ಕುರ್ಚಿಯಿಂದ ಗೋಡೆಗೆ ಎರಡು ಹೆಜ್ಜೆ ದೂರವೂ ಇರಲಿಲ್ಲ.

"ಬಾಯ್, ತುಕಾ ಆಯ್ಕುಂಕ್ ಯೇನಾ," ಎಂದರು. ನಿನಗೆ ಕೇಳಿಸುವುದಿಲ್ಲ. "ನನ್ನ ಗಂಡನದೂ ಇದೇ. ಹತ್ತು ವರ್ಷ ಅವನು ಬೇಕಂತಲೇ ನನ್ನ ಮಾತು ಕೇಳುವುದಿಲ್ಲ ಎಂದು ಜಗಳ ಮಾಡಿದೆ. ಮುಖ ನೋಡಿಕೊಂಡು ಮಾತಾಡಿದರೆ ನಿನ್ನದು ಎಲ್ಲ ಸರಿ. ನಾನು ಪುಸ್ತಕಕ್ಕೆ ಬಗ್ಗಿದೆನೋ, ನಿನ್ನ ತಪ್ಪು ಶುರು. ಹದಿನೈದು ದಿನದಿಂದ ನೋಡುತ್ತಿದ್ದೇನೆ."

ನನಗೆ ಖುಷಿಯಾಗಬೇಕಿತ್ತು. ಅವಮಾನವಾಯಿತು. ಏನು ಬೇಕಾದರೂ ಹೋಗಲಿ, ಕಿವಿ? ಇಪ್ಪತ್ತು ವರ್ಷ ಅನ್ನ ಹಾಕಿದ ಕಿವಿ. ನನ್ನ ತಲೆಯ ಮೇಲೆ ಅನುಮಾನಪಡಲು ನಾನು ತಯಾರಿದ್ದೆ, ಕಿವಿಯ ಮೇಲೆ ಅನುಮಾನ ನನಗೆ ಹೊಳೆದೇ ಇರಲಿಲ್ಲ. "ಹಾಗೇನಿಲ್ಲ ಟೀಚರ್," ಎಂದು ವಾದಿಸಿ ಮೇಲೆ ಬಂದೆ. ಎರಡು ದಿನ ತರಗತಿಗೆ ಹೋಗಲಿಲ್ಲ. ಮೂರನೆಯ ದಿನ ಗಂಡ ಸ್ನಾನಕ್ಕೆ ಹೋದಾಗ ಮೊಬೈಲನ್ನು ಕೋಣೆಯಲ್ಲಿಟ್ಟು, ಹಾಲ್‌ನಲ್ಲಿ ಕೂತು ಮನೆಯ ಲ್ಯಾಂಡ್‌ಲೈನಿನಿಂದ ಅದಕ್ಕೆ ಫೋನು ಹಚ್ಚಿದೆ. ಕಾದೆ. ಏನೂ ಕೇಳಲಿಲ್ಲ. ಎದ್ದು ಹೋಗಿ ನೋಡಿದರೆ ಅದು ಹಾಸಿಗೆಯ ಮೇಲೆ ಬೆಳಕು ಮಿನುಗಿಸುತ್ತಾ ರಿಂಗಾಗುತ್ತಿತ್ತು.

ಗಂಡನಿಗೆ ಹೇಳಿದೆ. ಅವರು ನಂಬಲಿಲ್ಲ. "ಈಗ ಕಿವಿ ಅಂತಿ. ನಾಳೆ ಕಣ್ಣ ಅಂತಿ. ಡಾಕ್ಟರು ಹೇಳ್ಯಾರಲ್ಲ, ತಮ್ಮದು ತಾವು ಒಪ್ಪೂದಿಲ್ಲ ಇಂಥಾವರು ಅಂತ."

"ಇಂಥಾವರು ಅಂದ್ರ ಎಂಥಾವರ‍್ರಿ?"

ಅವರು ಒದ್ದೆ ಟವೆಲು ಒಣಹಾಕಲು ಬಾಲ್ಕನಿಗೆ ಹೋದರು. ಮಗಳು ಮಾತ್ರ ಆ ದಿನ ಸಂಜೆ ಪರೀಕ್ಷೆಗೆ ಕರೆದುಕೊಂಡು ಹೋದಳು. ನನ್ನ ಮೇಲಿನ ನಂಬಿಕೆಯಿಂದಲ್ಲ, ಇದೊಂದು ಮುಗಿದುಹೋಗಲಿ ಎಂದು.

ಕಿವಿ ಪರೀಕ್ಷೆ ಮಾಡಿದ್ದು ಕಾರವಾರದ ಕಡೆಯ ಹುಡುಗಿ. ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನು ಹಾಕಿದಳು. "ಆಂಟಿ, ಎಷ್ಟು ಸಣ್ಣ ಶಬ್ದ ಕೇಳಿದರೂ ಈ ಗುಂಡಿ ಒತ್ತಿ." ಹೆಡ್‌ಫೋನಿನ ಭಾರ ತಲೆಗೆ ಚೆನ್ನಾಗಿ ಪರಿಚಿತ. ಬೆನ್ನು ತಾನಾಗಿಯೇ ನೆಟ್ಟಗಾಯಿತು. ಮೊದಲು ಕೇಳಿದ ದಪ್ಪ ಶಬ್ದಗಳಿಗೆ ಟಕ್ ಟಕ್ ಎಂದು ಒತ್ತಿದೆ. ಆಮೇಲೆ ಏನೂ ಬರಲಿಲ್ಲ. ಯಂತ್ರ ಕೆಟ್ಟಿತೋ ಏನೋ ಎಂದು ಕಿಟಕಿಯತ್ತ ನೋಡಿದೆ. ಆ ಕಡೆ ಹುಡುಗಿ ಒಂದಾದ ಮೇಲೊಂದು ಗುಂಡಿ ತಿರುಗಿಸುತ್ತಲೇ ಇದ್ದಳು. ಅವಳ ಹಿಂದೆ ನಿಂತಿದ್ದ ಮಗಳು ನನ್ನ ಬೆರಳನ್ನೇ ನೋಡುತ್ತಿದ್ದಳು. ನಾನು ಒತ್ತದೆ ಕೂತ ಆ ಹೊತ್ತು ಎಷ್ಟೆಂದು ಗೊತ್ತಿಲ್ಲ. ಮಗಳು ಕೈಯಿಂದ ಬಾಯಿ ಮುಚ್ಚಿಕೊಂಡದ್ದು ಕಂಡಿತು.

ಎಡಗಿವಿ ಹೆಚ್ಚು ಹೋಗಿತ್ತು. ನಾನು ಹೆಡ್‌ಸೆಟ್ಟನ್ನು ಯಾವಾಗಲೂ ಎಡಕ್ಕೇ ಹಾಕುತ್ತಿದ್ದೆ. ಅದರಿಂದಲೇ ಹೀಗಾಯಿತೇ ಎಂದು ಕೇಳಿದೆ. "ಹಾಗೆ ಹೇಳಲಿಕ್ಕೆ ಬರುವುದಿಲ್ಲ ಆಂಟಿ. ವಯಸ್ಸಿಗೂ ಹೀಗಾಗುತ್ತದೆ. ಸ, ಶ, ಹ, ಫ ಇಂಥ ತೆಳು ಶಬ್ದಗಳು ಮೊದಲು ಹೋಗುತ್ತವೆ. ಫೋನಿನಲ್ಲಿ, ಗದ್ದಲದಲ್ಲಿ ಅರ್ಧ ಶಬ್ದವೇ ಸಿಗುತ್ತದೆ. ಉಳಿದದ್ದನ್ನು ನೀವೇ ತುಂಬಿಕೊಳ್ಳುತ್ತೀರಿ," ಎಂದಳು.

ಹೊರಗೆ ರಸ್ತೆಯಲ್ಲಿ ಮಗಳು ನನ್ನ ಮುಂದೆ ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು. "ಅವ್ವಾ, ಹನ್ನೆರಡಕ್ಕ ಅಂತ ನಾ ಹೇಳಿದ್ದು ನೀ ಮರತಿಲ್ಲ. ನಿನಗ ಅದು ಮುಟ್ಟೇ ಇಲ್ಲ."

"ಅದನ್ನ ಆವತ್ತ ಹೇಳಿದ್ನೆಲ್ಲ? ಎರಡಕ್ಕ ಅಂದಿ ಅಂತ?"

"ಹೇಳಿದ್ದಿ."

"ಯಾರು ಕೇಳಿದಿರಿ? ಕಿವಿ ನನ್ನವಷ್ಟ ಹೋಗ್ಯಾವೇನು?"

ಅವಳು ಅತ್ತಳು. ಸಮಾಧಾನ ಮಾಡಬೇಕೆನ್ನಿಸಲಿಲ್ಲ. ನಾನೂ ಅವ್ವನ ಮಾತನ್ನು ಹೀಗೇ ಎಷ್ಟು ಸಲ ತಳ್ಳಿಹಾಕಿದ್ದೆನೋ ಎಂದು ಆಮೇಲೆ ಅನ್ನಿಸಿತು. ಆ ಹೊತ್ತಿಗೆ ಮಗಳು ತನ್ನ ಮನೆಗೆ ಹೋಗಿಯಾಗಿತ್ತು.

ಎರಡೂ ಕಿವಿಗೆ ಯಂತ್ರ ಬಂದ ಮೊದಲ ವಾರ ನರಕ. ನಲ್ಲಿಯ ನೀರು ಗಾಜು ಒಡೆದಂತೆ, ಗಂಡ ಚುರಮುರಿ ತಿನ್ನುವುದು ಜಲ್ಲಿ ಪುಡಿಮಾಡಿದಂತೆ. ನನ್ನ ಚಪ್ಪಲಿಯ ಸದ್ದಿಗೆ ನಾನೇ ಬೆಚ್ಚುತ್ತಿದ್ದೆ. ಆದರೂ ತೆಗೆಯಲಿಲ್ಲ. ಒಂದು ತಿಂಗಳ ಮೇಲೆ ಮಡಗಾಂವಿನ ಡಾಕ್ಟರ ಹತ್ತಿರ ಮತ್ತೆ ಹೋದೆವು. ಈ ಸಲ ನಾನೇ ಮೊದಲು, "ಮಾಸ್ಕ್ ತೆಗೆದು ಹೇಳಿ," ಎಂದೆ. ಅವರು ಕಿವಿಯ ಯಂತ್ರ ನೋಡಿ, ತಕ್ಷಣ ಮಾಸ್ಕ್ ಇಳಿಸಿ ಕ್ಷಮೆ ಕೇಳಿದರು. ಇಡೀ ಪ್ರಕರಣದಲ್ಲಿ ಬಾಯಿಬಿಟ್ಟು ಕ್ಷಮೆ ಕೇಳಿದವರು ಅವರೊಬ್ಬರೇ. ಹೊಸ ಐದು ಶಬ್ದ ಹೇಳಿದರು. ಐದನ್ನೂ ಹಾಗೇ ತಿರುಗಿ ಹೇಳಿದೆ. ಹತ್ತು ನಿಮಿಷ ಬೇರೆ ಪ್ರಶ್ನೆಗಳಾದ ಮೇಲೆ ಮತ್ತೆ ಕೇಳಿದರು. ನಾಲ್ಕು ಬಂದವು. ಐದನೆಯದು ಬರಲಿಲ್ಲ. ಅದು ಕೇಳಿಸಿತ್ತು, ಆಗ ತಿರುಗಿ ಹೇಳಿದ್ದೆ ಕೂಡ. ಈಗ ಆ ಜಾಗದಲ್ಲಿ ಏನೂ ಇರಲಿಲ್ಲ. ಆ ತಪ್ಪನ್ನು ಕಿವಿಯ ಮೇಲೆ ಹೊರಿಸಲು ಬರುವಂತಿರಲಿಲ್ಲ.

"ಈ ವಯಸ್ಸಿಗೆ ಇದು ಸಾಮಾನ್ಯ. ಈಗ ಚಿಂತೆಗೆ ಕಾರಣವಿಲ್ಲ. ವರ್ಷಕ್ಕೊಮ್ಮೆ ಬನ್ನಿ," ಎಂದರು.

ಈಗ ಎಂಬ ಆ ಶಬ್ದವನ್ನು ನಾನು ಸ್ಪಷ್ಟವಾಗಿ ಕೇಳಿಸಿಕೊಂಡೆ.

ಮನೆಗೆ ಬಂದ ಮೇಲೆ ನಾನು ಅಡುಗೆಮನೆಯಲ್ಲಿ ಚಹಾಕ್ಕಿಟ್ಟಿದ್ದೆ. ಹಾಲ್‌ನಲ್ಲಿ ಗಂಡ ಮಗಳಿಗೆ ಹೇಳುತ್ತಿದ್ದರು. "ಕಿವೀದು ಖರೇ ಇರಬಹುದು. ಆದ್ರ ಒಂದ ಶಬ್ದ ಮರತಾಳ ನೋಡು. ಆಕಿ ಅವ್ವಗೂ ಹಿಂಗ ಶುರುವಾಗಿತ್ತು. ಗ್ಯಾಸಿಂದು ಹಂಗ ಇರ್ಲಿ. ಇನ್ನೊಂದ ವರ್ಷ ನೋಡೂಣು." ಇಷ್ಟು ದಿನ ಇಂಥವು ಎಷ್ಟು ಮಾತು ನನ್ನ ತಲೆಯ ಮೇಲಿಂದ ಹಾದುಹೋಗಿದ್ದವೋ. ಈಗ ಗೋಡೆಯಾಚೆಯಿಂದ ಒಂದಕ್ಷರವೂ ಬಿಡದೆ ಬಂದವು.

ಚಹಾ ಸೋಸಿ, ಕಪ್ಪು ಹಿಡಿದು ಹೊರಗೆ ಹೋದೆ. "ನನಗ ಕೇಳಸಾಕತ್ತೈತಿ," ಎಂದೆ. "ಗ್ಯಾಸ್ ನಾ ಹಚ್ಚೇನಿ. ನಾಳಿಂದನೂ ನಾನ ಹಚ್ಚಾಕಿ. ನನಗ ಆಗೂದು ಆದ್ರ ಆಗ್ತೈತಿ. ಆಗೂಕಿಂತ ಮೊದಲ ನೀವು ಮಾಡಬ್ಯಾಡ್ರಿ."

ಗಂಡ ಕಪ್ಪು ತೆಗೆದುಕೊಂಡರು. ಒಂದು ಗುಟುಕು ಕುಡಿದು, "ಅಂಜಿಕಿ ಆಗ್ತೈತಿ," ಎಂದರು. ನಲವತ್ತು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಅವರ ಮೇಲೆ ಕರುಣೆ ಬಂತು. ಸಿಟ್ಟು ಮಾತ್ರ ಹೋಗಲಿಲ್ಲ, ಎರಡೂ ಒಟ್ಟಿಗೆ ಉಳಿದವು. ಇಂದಿಗೂ ಉಳಿದಿವೆ.

ಟೀಚರ್ ತರಗತಿ ನಡೆದೇ ಇದೆ. ಈಗ ಅವರು ತಮ್ಮ ವಾರಪತ್ರಿಕೆಯನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿಕೊಳ್ಳುತ್ತಾರೆ. ಪ್ರತಿ ಪುಟದಲ್ಲಿ ನಾಲ್ಕೈದು ಶಬ್ದ ಗೊತ್ತಾಗುವುದಿಲ್ಲ. ಅವಕ್ಕೊಂದು ನಿಘಂಟು ಬೇಕೆಂದು ಮೊನ್ನೆ ಮಡಗಾಂವಿಗೆ ಬಸ್ಸಿನಲ್ಲಿ ಒಬ್ಬಳೇ ಹೋದೆ. ಗಂಡ ಸ್ಟ್ಯಾಂಡಿನವರೆಗೆ ಹಿಂದೆ ಹಿಂದೆಯೇ ಬಂದರು, ತಿರುಗಿ ನೋಡಿದಾಗ ಬೇರೆಲ್ಲೋ ನೋಡುವವರಂತೆ ನಿಂತರು. ಜೂನ್ ತಿಂಗಳ ಮಳೆ. ಮೂರು ಅಂಗಡಿ ಅಲೆದು ನಿಘಂಟು ಹುಡುಕಿದೆ. ಮರಳಿ ವಾಸ್ಕೋದಲ್ಲಿ ಇಳಿದಾಗ ತಲೆಯ ಮೇಲೆ ನೀರು ಬಿತ್ತು. ಛತ್ರಿ ಬಸ್ಸಿನಲ್ಲೇ ಉಳಿದಿತ್ತು, ಬಸ್ಸು ಹೋಗಿಯಾಗಿತ್ತು.

ಕಿವಿಯ ಯಂತ್ರ ನೆನೆಯಬಾರದೆಂದು ಬಿಚ್ಚಿ, ನಿಘಂಟಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೊತ್ತಿಕೊಂಡು ನಡೆದೆ. ದಾರಿಯುದ್ದಕ್ಕೂ ಒಂದು ಸುಳ್ಳು ಹುಡುಕುತ್ತಿದ್ದೆ. ಗಾಳಿಗೆ ಮುರಿಯಿತು ಎನ್ನಲೇ, ಟೀಚರಿಗೆ ಕೊಟ್ಟೆ ಎನ್ನಲೇ? ಅರವತ್ತಾರು ವರ್ಷಕ್ಕೆ ಒಂದು ಛತ್ರಿಗೆ ಸುಳ್ಳು ಹುಡುಕುವ ಗತಿ ಬಂತಲ್ಲ ಎಂದು ಕಣ್ಣಲ್ಲಿ ನೀರು ಬಂತು. ಬಾಗಿಲಲ್ಲಿ ಗಂಡ ಟವೆಲು ಹಿಡಿದು ನಿಂತಿದ್ದರು. ಅವರ ತುಟಿ ಅಲ್ಲಾಡಿತು. ಏನು ಕೇಳಿದರೆಂದು ಊಹಿಸಲು ಕಿವಿ ಬೇಕಾಗಿರಲಿಲ್ಲ.

"ಬಸ್ಸಿನ್ಯಾಗ ಮರತು ಬಂದೆ," ಎಂದೆ. "ಖರೇನ ಮರತೆ."

ಅವರು ಏನೋ ಹೇಳಿದರು. ನನಗೆ ಕೇಳಿಸಲಿಲ್ಲ. ಯಂತ್ರ ಹಾಕಿಕೊಳ್ಳುವ ಅವಸರವನ್ನೂ ಮಾಡಲಿಲ್ಲ. ಮೊದಲು ತಲೆ ಒರೆಸಿಕೊಂಡು, ನಿಘಂಟಿನ ಒದ್ದೆಯಾದ ಅಂಚನ್ನು ಫ್ಯಾನಿನ ಕೆಳಗೆ ಬಿಡಿಸಿಟ್ಟೆ.